ಅತ್ತೆಯ ಆಂಟಿವೈರಸ್ ಹೆಚ್ಚಿದ್ದು

ನಮ್ಮ ಅತ್ತೆ ಇರುವ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಅಕ್ಕಿ ಡಬ್ಬದ ತಳ ಕಂಡರೆ ‘ಅಕ್ಕಿ ಹೆಚ್ಚಿದೆ’ ಅನ್ನುತ್ತಾರೆ. ಬಳೆ ಒಡೆದರೆ ‘ಬಳೆ ಹೆಚ್ಚಿತು’. ಮುಗಿಯಿತು, ಖಾಲಿ, ಸಾಕು ಎಂಬ ಮಾತು ಬಾಯಲ್ಲಿ ಬಂದರೆ ಮನೆಗೆ ಒಳ್ಳೆಯದಲ್ಲವಂತೆ. ನಾನು ಬೆಳೆದದ್ದು ಬಸವೇಶ್ವರನಗರದಲ್ಲಿ, ಹಾವೇರಿ ಕಡೆಯಿಂದ ಬಂದವರ ಮನೆಯಲ್ಲಿ. ಅಕ್ಕಿ ಮುಗಿದರೆ ‘ಖಾಲಿ ಆತು’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುವ ಜನ ನಾವು. ಮದುವೆಯಾಗಿ ಗೋವಿಂದರಾಜನಗರಕ್ಕೆ ಬಂದ ಹೊಸದರಲ್ಲಿ ಅತ್ತೆ “ಅಕ್ಕಿ ಹೆಚ್ಚಿದೆ ಕಣಮ್ಮ” ಎಂದಾಗ, ಸದ್ಯ, ಅಂಗಡಿಗೆ ಹೋಗುವ ಕೆಲಸ ತಪ್ಪಿತು ಎಂದುಕೊಂಡು ಸುಮ್ಮನಾದೆ. ಅವತ್ತು ಎಲ್ಲರೂ ಉಪ್ಪಿಟ್ಟು ತಿಂದು ಮಲಗಿದೆವು.

ಅತ್ತೆಗೆ ಮಾವನ ಪಿಂಚಣಿ ಬರುತ್ತದೆ. ಅದು ಅವರ ಹೆಸರಿಗೇ ಬಂದರೂ ಎಟಿಎಂ ಕಾರ್ಡು ಇದ್ದದ್ದು ಮಗನ ಪರ್ಸಿನಲ್ಲಿ. ಹೂವಿಗೆ, ದೇವಸ್ಥಾನದ ತಟ್ಟೆಗೆ, ಮೊಮ್ಮಗಳ ಐಸ್‌ಕ್ರೀಮಿಗೆ ದುಡ್ಡು ಬೇಕಾದರೆ ಬೆಳಿಗ್ಗೆ ನಮ್ಮ ಕೋಣೆಯ ಬಾಗಿಲಿಗೆ ಬಂದು, ಸೆರಗು ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಿದ್ದರು. ನನ್ನ ಗಂಡ ಫೋನಿನಿಂದ ತಲೆಯೆತ್ತದೆ “ಎಷ್ಟು ಬೇಕಮ್ಮ?” ಅನ್ನುತ್ತಿದ್ದರು. ಇವರು ಒಂದು ದಿನವೂ ಇಲ್ಲ ಎಂದವರಲ್ಲ, ನಿಜ. ಆದರೂ ಆ ಬಾಗಿಲಲ್ಲಿ ನಿಲ್ಲುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ಇವರಿಂದ ಆ ಕಾರ್ಡು ಇಸಿದುಕೊಂಡು, ನಾನೇ ಪಕ್ಕದಲ್ಲಿ ಕೂತು ಅತ್ತೆಯ ಫೋನಿಗೆ ಪೇಮೆಂಟ್ ಆ್ಯಪ್ ಹಾಕಿಕೊಟ್ಟೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆ. ವಾರದೊಳಗೆ ಅವರನ್ನು ಹಿಡಿಯುವವರಿಲ್ಲ. ಹೂವಿನ ಗಾಡಿಯಲ್ಲಿ ಸ್ಕ್ಯಾನು, ಎಳನೀರಿಗೆ ಸ್ಕ್ಯಾನು, ಒಂದು ಕಟ್ಟು ಕೊತ್ತಂಬರಿಗೂ ಸ್ಕ್ಯಾನು. ಅಂಗಡಿಯ ಡಬ್ಬಿ ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗಿದಾಗ, ಯಾರಾರು ಕೇಳಿಸಿಕೊಂಡರು ಎಂದು ಒಮ್ಮೆ ಸುತ್ತಲೂ ನೋಡುತ್ತಿದ್ದರು. ಬಾಗಿಲಲ್ಲಿ ನಿಲ್ಲುವುದು ಅಲ್ಲಿಗೆ ನಿಂತುಹೋಯಿತು.

ಅಷ್ಟರಲ್ಲಿ ಫೋನಿಗೆ ಕಾಯಿಲೆ ಬಂತು. ನೆಂಟರ ಗ್ರೂಪಿನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಅತ್ತೆ ಪುಕ್ಕಟೆ ಪಂಚಾಂಗ ಹಾಕಿಕೊಂಡಿದ್ದರು. ರಾಹುಕಾಲ ನೋಡಲು ಹೋದರೆ ರಮ್ಮಿ ಆಡಲು ಕರೆಯುವ ಹುಡುಗಿ ಬರುತ್ತಿದ್ದಳು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ‘ಕೋಟಿ ಗೆಲ್ಲಿ’ ಎಂದು ಕಿರುಚುತ್ತಿತ್ತು.

“ಅಮ್ಮನ ಫೋನಿಂದ ಪೇಮೆಂಟ್ ತೆಗೆದುಬಿಡೋಣ,” ಎಂದರು ನನ್ನ ಗಂಡ. “ಯಾವನಾದ್ರೂ ಅಕೌಂಟ್ ತೊಳೆದುಬಿಟ್ರೆ ಏನ್ ಮಾಡ್ತೀಯ? ಬಟನ್ ಫೋನ್ ಸಾಕು.”

ಅತ್ತೆ ಫೋನನ್ನು ಸೆರಗಿನ ಕೆಳಗೆ ಇಟ್ಟುಕೊಂಡರು.

“ಆಂಟಿವೈರಸ್ ಹಾಕ್ತೀನಿ,” ಎಂದೆ ನಾನು, ಸ್ವಲ್ಪ ಜೋರಾಗಿಯೇ.

“ಹಾಕು. ಇನ್ನೊಂದು ಸಲ ಏನಾದ್ರೂ ಎಡವಟ್ಟಾಯ್ತೋ, ತೆಗೆದುಬಿಡ್ತೀನಿ ಅಷ್ಟೇ.”

ಹಾಗೆ ಶುರುವಾಯಿತು ನಮ್ಮ ಆಂಟಿವೈರಸ್ ಹುಡುಕಾಟ. ಸೀರೆ ಆರಿಸುವಾಗಲೂ ನಾವು ಅಷ್ಟು ತಲೆ ಕೆಡಿಸಿಕೊಂಡವರಲ್ಲ. ಆಫೀಸಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಹೆಸರು. ವಿಜಯನಗರದ ಕಂಪ್ಯೂಟರ್ ಅಂಗಡಿಯವನು ಮೂರು ಡಬ್ಬಿ ಮುಂದಿಟ್ಟು, “ಮೇಡಂ, ಇದು ಬೇಸಿಕ್ಕು, ಇದು ಟೋಟಲ್ಲು, ಇದು ಅಲ್ಟಿಮೇಟು,” ಎಂದ. ಟೋಟಲ್ ಆದ ಮೇಲೂ ಇನ್ನೇನು ಬಾಕಿ ಇರುತ್ತದೆ ಎಂದು ನಾನು ಕೇಳಿದ್ದಕ್ಕೆ ಅವನು ಅಲ್ಟಿಮೇಟಿನ ಡಬ್ಬಿಯನ್ನು ಇನ್ನಷ್ಟು ಮುಂದೆ ತಳ್ಳಿದ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಇದರಲ್ಲಿ ಯಾವುದಕ್ಕಪ್ಪ ಕನ್ನಡ ಬರೋದು?”

ಅಂಗಡಿಯವನು ನಗಲಿಲ್ಲ. ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡುವ ಕಸ್ಟಮರ್ ಕೇರ್ ಇದ್ದದ್ದು ಆ ಮೂರರಲ್ಲಿ ಒಂದಕ್ಕೆ ಮಾತ್ರ. ಅದನ್ನೇ ತಂದೆವು. ಪಂಚಾಂಗವನ್ನು ಅದು ಮೊದಲ ದಿನವೇ ಹಿಡಿದು ಹೊರಗೆ ಹಾಕಿತು. ರಮ್ಮಿ ಹುಡುಗಿಯೂ ಜೊತೆಗೆ ಹೋದಳು. ವರ್ಷವಿಡೀ ಮನೆಯಲ್ಲಿ ನೆಮ್ಮದಿ.

ವರ್ಷ ತುಂಬುವ ಹೊತ್ತಿಗೆ ಸಂದೇಶ ಬಂತು. ಶುಕ್ರವಾರ ತಾನಾಗಿಯೇ ನವೀಕರಣವಾಗುತ್ತದೆ, ದುಡ್ಡು ಖಾತೆಯಿಂದ ಕಡಿತವಾಗುತ್ತದೆ ಎಂದು. ಮೊದಲ ವರ್ಷದ ರಿಯಾಯಿತಿ ಈಗಿರಲಿಲ್ಲ, ಬೆಲೆ ಮೂರರಷ್ಟಾಗಿತ್ತು.

“ಇದನ್ನ ನಿಲ್ಲಿಸಿ ಬೇರೆ ನೋಡೋಣ ಅತ್ತೆ. ಸಂಜೆ ಬಂದು ನಾನು ಮಾಡ್ತೀನಿ,” ಎಂದೆ.

“ನಾನೇ ಮಾಡ್ತೀನಿ ಬಿಡಮ್ಮ. ಅಷ್ಟೂ ಗೊತ್ತಾಗಲ್ವ ನಂಗೆ?”

ಸಂಜೆ ಬರುವಷ್ಟರಲ್ಲಿ ಖಾತೆಯಿಂದ ದುಡ್ಡು ಹೋಗಿತ್ತು. ಅದೂ ಒಂದು ಫೋನಿನದಲ್ಲ. ಐದು ಫೋನು, ಕಂಪ್ಯೂಟರುಗಳಿಗೆ ಆಗುವ ಫ್ಯಾಮಿಲಿ ಪ್ಯಾಕು. ಗಂಡ ಸೊಂಟದ ಮೇಲೆ ಕೈಯಿಟ್ಟು ನಡುಮನೆಯಲ್ಲಿ ನಿಂತಿದ್ದರು. ಅತ್ತೆ ಸೋಫಾದ ತುದಿಯಲ್ಲಿ, ಪರೀಕ್ಷೆ ಫೇಲಾದ ಮಗುವಿನ ಹಾಗೆ ಕೂತಿದ್ದರು.

“ಅತ್ತೆ, ಆ್ಯಪಲ್ಲೇ ಬಟನ್ ಇತ್ತಲ್ಲ?”

“ಅದರ ಮೇಲೆ ‘ರದ್ದು’ ಅಂತಿತ್ತು ಕಣಮ್ಮ. ಅಂಥಾ ಮಾತನ್ನ ಕೈಯಾರೆ ಒತ್ತೋದಾ? ಅದಕ್ಕೇ ಫೋನ್ ಮಾಡ್ದೆ. ಒಳ್ಳೇ ಹುಡುಗಿ.”

“ಅವಳಿಗೆ ಏನಂದ್ರಿ?”

“ನಮ್ಮ ಆಂಟಿವೈರಸ್ ಹೆಚ್ಚಿದೆ ಕಣಮ್ಮ ಅಂದೆ.”

ನನಗೆ ಆಗಲೇ ನಗು ಗಂಟಲವರೆಗೆ ಬಂದಿತ್ತು. “ಆಮೇಲೆ?”

“ಹೆಚ್ಚಿಗೆ ಬೇಕಾ ಮೇಡಂ, ಮನೇಲಿ ಎಷ್ಟು ಜನ ಅಂತ ವಿಚಾರಿಸ್ಕೊಂಡ್ಳು. ಎಷ್ಟು ವಿಶ್ವಾಸ ನೋಡು! ನಾಲ್ಕು ಜನ ಅಂದೆ. ಮಾಡ್ಲಾ ಮೇಡಂ ಅಂದ್ಳು. ಮಾಡಮ್ಮ, ಪುಣ್ಯ ಬರುತ್ತೆ ಅಂದೆ. ಅವಳು ಏನೋ ಕಳಿಸಿದ್ಳು, ಪಿನ್ ಹಾಕ್ದೆ.”

ನಾನು ನೆಲಕ್ಕೆ ಕುಸಿದು ಕೂತು ನಕ್ಕೆ. ಗಂಡ ನಗಲಿಲ್ಲ. “ಸಾಕು. ನಾನು ಮೊದಲೇ ಹೇಳಿದ್ದೆ. ಕೊಡಮ್ಮ ಫೋನು,” ಎಂದು ಕೈ ಚಾಚಿದರು. ಅತ್ತೆ ಕೊಟ್ಟುಬಿಟ್ಟರು. ಸೆರಗಿನ ಕೆಳಗಿಂದ ತೆಗೆದು ಕೊಟ್ಟರಲ್ಲ, ಆಗ ನನ್ನ ನಗು ನಿಂತಿತು.

ಆಟೋ ಪೇಮೆಂಟ್ ಎಲ್ಲಿ ನಿಲ್ಲಿಸುವುದು ಎಂದು ಆ ಕನ್ನಡದ ಮೆನುವಿನಲ್ಲಿ ಇವರಿಗೆ ಸಿಗಲಿಲ್ಲ. ಜಾಗ ತಿಳಿಯಲು ತಮ್ಮ ಫೋನು ತೆಗೆದರು. ನಾನೂ ಬಗ್ಗಿ ನೋಡಿದೆ. ಅಲ್ಲಿ ಆಟೋ ಪೇಮೆಂಟ್ ಪಟ್ಟಿಯ ಮೇಲುಗಡೆಯೇ ಒಂದು ಆಂಟಿವೈರಸ್ ಕೂತಿತ್ತು, ಚಾಲ್ತಿಯಲ್ಲಿ.

“ಇದು ಯಾವ ಕಂಪ್ಯೂಟರಿಂದು?” ಎಂದೆ.

ಇವರು ಗಂಟಲು ಸರಿಮಾಡಿಕೊಂಡರು. ಅದು ನಮ್ಮ ಹಳೆಯ ಡೆಸ್ಕ್‌ಟಾಪಿನದು. ಮಾಗಡಿ ರಸ್ತೆಯ ಗುಜರಿ ಅಂಗಡಿಗೆ ನಾವೇ ಆಟೋದಲ್ಲಿ ಹಾಕಿಕೊಂಡು ಹೋಗಿ ಕೊಟ್ಟು ಎಷ್ಟೋ ಕಾಲವಾಗಿತ್ತು. ಅದರ ರಕ್ಷಣೆ ಮಾತ್ರ ವರ್ಷ ವರ್ಷವೂ ತಪ್ಪದೆ ನವೀಕರಣವಾಗುತ್ತಲೇ ಇತ್ತು.

ಅತ್ತೆ ಮೆಲ್ಲಗೆ ಕೇಳಿದರು. “ಗುಜರಿಯವನ ಹತ್ರ ಅದು ಕ್ಷೇಮವಾಗಿದೆಯಾ ಮಗ?”

ಇವರ ಕಿವಿ ಕೆಂಪಾಯಿತು. ತಕ್ಷಣ ನಿಲ್ಲಿಸಿ ತೋರಿಸುತ್ತೇನೆ ಎಂದು ಆ ಕಂಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಅಲ್ಲಿಯೂ ಕನ್ನಡದ ಹುಡುಗಿಯೇ ಸಿಕ್ಕಳು. ನಿಲ್ಲಿಸಬೇಕು ಎಂದರೆ ಅವಳು ಎಲ್ಲಿ ಬಿಡುತ್ತಾಳೆ? “ಅರ್ಧ ರೇಟಿಗೆ ಕೊಡ್ತೀವಿ ಸಾರ್,” ಎಂದಳು. ಇವರು “ಅದು... ಹಾಗಲ್ಲ...” ಎಂದರು. “ಮೇಲೆ ಆರು ತಿಂಗಳು ಫ್ರೀ ಸಾರ್,” ಎಂದಳು. ಇವರ ದನಿ ಇಳಿಯಿತು. “ಹೌದಾ? ಆರು ತಿಂಗಳಾ? ಹಾಗಾದ್ರೆ...” ನನ್ನ ಗಂಡ ಗುಜರಿಯ ಕಂಪ್ಯೂಟರಿಗೆ ಇನ್ನೊಂದೂವರೆ ವರ್ಷ ಕಾವಲು ಹಾಕುವುದರಲ್ಲಿದ್ದರು.

“ಕೊಡಿಲ್ಲಿ ಮಗ,” ಎಂದು ಅತ್ತೆ ಫೋನು ಕಿತ್ತುಕೊಂಡರು. “ನೋಡಮ್ಮ, ನಾನು ಇವನ ತಾಯಿ. ನಮಗೆ ಬೇಡ. ಮುಗೀತು.”

ಆ ಮನೆಯಲ್ಲಿ ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಗೋಡೆಯ ಮೇಲಿನ ಮಾವನ ಫೋಟೋ ಕಡೆ ನೋಡಿ ಕೆನ್ನೆ ಕೆನ್ನೆ ಮುಟ್ಟಿಕೊಂಡರು. ಮಗನಿಗಾಗಿ ಅಂಥ ಮಾತನ್ನೂ ಆಡಿಬಿಟ್ಟರಲ್ಲ ಎಂದು ನನ್ನ ಕಣ್ಣು ತುಂಬಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಫೋನ್ ಇಡುವ ಮುಂಚೆ ಮರ್ಯಾದೆಗೆ, “ಆಯ್ತಮ್ಮ, ಬರ್ತೀವಿ,” ಎಂದರು.

“ಯಾವಾಗ ಬರ್ತೀರ ಮೇಡಂ?” ಎಂದಳು ಆ ಹುಡುಗಿ, ಆಸೆಯಿಂದ.

ನಾನು ನಡುವೆ ಕೈ ಹಾಕಿ ಕಾಲ್ ಕಟ್ ಮಾಡಿದೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅತ್ತೆಯ ಫೋನನ್ನು ಅವರ ಮಡಿಲಲ್ಲಿ ವಾಪಸ್ ಇಟ್ಟರು. ಪೇಮೆಂಟ್ ತೆಗೆಯುವ ಮಾತು ಆಮೇಲೆ ಯಾರೂ ಎತ್ತಲಿಲ್ಲ.

“ನನ್ನದರಲ್ಲಿ ಹೆಚ್ಚಿಗೆ ಇದೆಯಲ್ಲ, ನಿನ್ನ ಲ್ಯಾಪ್‌ಟಾಪಿಗೂ ಅದನ್ನೇ ಹಾಕ್ಕೊ,” ಎಂದರು ಅತ್ತೆ, ಮಗನಿಗೆ. ಈ ಸಲದ ಹೆಚ್ಚು ನಿಜವಾದ ಹೆಚ್ಚೇ. ಮೊಮ್ಮಗಳಿಗೂ ನನಗೂ ಒಂದೊಂದು ಸಿಕ್ಕಿತು. ಇನ್ನು ಮೇಲೆ ಯಾವುದೂ ತಾನಾಗಿ ನವೀಕರಣವಾಗಬಾರದು, ವರ್ಷ ತುಂಬಿದಾಗ ನೋಡಿ ನಾವೇ ಕಟ್ಟುವುದು ಎಂದು ತೀರ್ಮಾನವಾಯಿತು. ಆ ‘ರದ್ದು’ ಬಟನ್ ಒತ್ತಲು ಅತ್ತೆ ನನ್ನನ್ನು ಕರೆದರು. “ನೀನು ಒತ್ತು. ನಿಮ್ಮ ಕಡೆಯವರಿಗೆ ಪರವಾಗಿಲ್ಲ.” ಹಾವೇರಿಯ ಹೆಸರು ಉಳಿಸಲು ನಾನೇ ಒತ್ತಿದೆ.

ಮೊನ್ನೆ ಮತ್ತೆ ವರ್ಷ ತುಂಬಿತು. ಬೆಳಿಗ್ಗೆ ಕಾಫಿ ತೆಗೆದುಕೊಂಡು ಅತ್ತೆಯ ಕೋಣೆಗೆ ಹೊರಟಿದ್ದೆ. ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು, ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಾ.

“ಅಮ್ಮ, ಆಂಟಿವೈರಸ್ ಹೆಚ್ಚಿದೆ.”

ಅತ್ತೆ ಮಂಚದ ಮೇಲೆ ಕಾಲು ಚಾಚಿ, ಫೋನಿನಲ್ಲಿ ಯಾವುದೋ ರಂಗೋಲಿ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

“ಎಷ್ಟು ಬೇಕಪ್ಪ?” ಎಂದರು.