ಉಸ್ತಾದರ ಬಲಗಿವಿ

ಉಸ್ತಾದರ ಬಲಗಿವಿಯ ಹಾಲೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಕೈ, ಮೊಣಕೈ, ಮೂಗಿನ ತುದಿ ಎಲ್ಲ ತೊಳೆದುಕೊಂಡು ಊಟಕ್ಕೆ ಕೂತರೂ ಆ ಕಿವಿಯ ಮೇಲೆ ಪ್ಲಾಸ್ಟರಿನ ಪುಡಿ ಉಳಿದೇ ಇರುತ್ತಿತ್ತು. ಅವರು ಹಲ್ಲುಗಳನ್ನು ಕಿವಿಯಿಂದ ನೋಡುತ್ತಿದ್ದರು.

ಗಚ್ಚಿಬೌಲಿಯಲ್ಲಿ ನಮ್ಮದು ಅಲೈನರ್ ಮಾಡುವ ಕಂಪನಿ. ಗಾಜಿನಂತೆ ತಿಳಿಯಾದ, ಬೇಕಾದಾಗ ತೆಗೆದು ಹಾಕಿಕೊಳ್ಳಬಹುದಾದ ಪ್ಲಾಸ್ಟಿಕ್ ಟ್ರೇಗಳು. ಎರಡು ವಾರಕ್ಕೊಂದರಂತೆ ಬದಲಿಸುತ್ತ ಹೋದರೆ ಹಲ್ಲು ನಿಧಾನವಾಗಿ ಸರಿಯುತ್ತವೆ. ದಂತವೈದ್ಯರು ರೋಗಿಯ ಹಲ್ಲಿನ ಅಚ್ಚು ತೆಗೆದು ಕೊರಿಯರ್ ಮಾಡುತ್ತಿದ್ದರು. ಉಸ್ತಾದರು ಅದಕ್ಕೆ ಪ್ಲಾಸ್ಟರ್ ಸುರಿದು ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಎಬ್ಬಿಸುತ್ತಿದ್ದರು. ಅವನ್ನು ಕಂಪ್ಯೂಟರಿಗೆ ಏರಿಸಿ, ಯಾವ ಹಲ್ಲು ಎಷ್ಟು ಸರಿಯಬೇಕು ಎಂದು ಗುರುತು ಹಾಕುವುದು ನಮ್ಮಂಥ ಡಿಗ್ರಿಯವರ ಕೆಲಸ. ನಾವು ಏಳು ಜನ ಎಸಿಯಲ್ಲಿ, ಅವರೊಬ್ಬರೇ ಹಿಂದಿನ ಪ್ಲಾಸ್ಟರ್ ಕೋಣೆಯಲ್ಲಿ.

ಒಣಗಿದ ಎರಡೂ ದವಡೆಗಳನ್ನು ಅವರು ಕಿವಿಯ ಹತ್ತಿರ ಹಿಡಿದು ಬಡಿಯುತ್ತಿದ್ದರು. ಟಕ್ ಎಂದು ಒಂದೇ ಸದ್ದು ಬಂದರೆ ಹಲ್ಲುಗಳೆಲ್ಲ ಒಟ್ಟಿಗೆ ಕೂರುತ್ತಿವೆ ಎಂದು ಅರ್ಥ. ಎರಡು ಸದ್ದು ಬಂದರೆ ಎಲ್ಲೋ ಒಂದು ಕಡೆ ಮೊದಲು ತಾಗಿ, ಇನ್ನೊಂದು ಕಡೆ ಆಮೇಲೆ ತಾಗುತ್ತಿದೆ. ನಾವು ನಗುತ್ತಿದ್ದೆವು. ನಮ್ಮ ಸಾಫ್ಟ್‌ವೇರ್ ಅದನ್ನೇ ಕೆಂಪು ಚುಕ್ಕೆ ಇಟ್ಟು ತೋರಿಸುತ್ತಿತ್ತಲ್ಲ.

ನಾನು ರಾಯಚೂರಿನವಳು. ಅಪ್ಪ ಅಲ್ಲಿನ ಗಂಜಿನಲ್ಲಿ, ದವಸದ ಮಾರುಕಟ್ಟೆಯಲ್ಲಿ, ಹಮಾಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ. ನಾಚಿಕೆ ಇದ್ದದ್ದು ಹಲ್ಲಿನದು. ಮೇಲಿನ ಹಲ್ಲು ಮುಂದಕ್ಕೆ ಚಾಚಿ ಕೆಳಗಿನವನ್ನು ಪೂರಾ ಮುಚ್ಚಿಬಿಡುತ್ತಿದ್ದವು. ಮಾತಾಡುವಾಗಲೆಲ್ಲ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು. ಮೊದಲ ದಿನವೇ ಉಸ್ತಾದರು ಕೇಳಿದ್ದರು: "ಕೈ ತಗಿ ತಂಗಿ. ಬೆರಳ ಸಂದಿಲೆ ಮಾತು ಸೋಸಿ ಕೊಡಾಕತ್ತಿಯೇನು?"

ಅವರೂ ರಾಯಚೂರಿನವರೇ ಎಂದು ಆ ಒಂದು ಮಾತಿನಲ್ಲೇ ಗೊತ್ತಾಯಿತು. ಅಂದಿನಿಂದ ಮಧ್ಯಾಹ್ನದ ಬುತ್ತಿ ಅವರ ಕೋಣೆಯಲ್ಲೇ. ಕ್ಯಾಂಟೀನಿನಲ್ಲಿ ತೆಲುಗು, ಹಿಂದಿ, ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡಿ ದಣಿದ ನಾಲಿಗೆ ಅಲ್ಲಿ ಕಾಲು ಚಾಚಿ ಕೂರುತ್ತಿತ್ತು. ಅವರು ನನ್ನನ್ನು ಕರೆಯುತ್ತಿದ್ದದ್ದು 'ಇಂಜಿನಿಯರಮ್ಮ' ಎಂದು. ಹೆಮ್ಮೆಯೂ ಇತ್ತು, ಚೇಷ್ಟೆಯೂ ಇತ್ತು.

ಕಂಪನಿಯ ಡಾಕ್ಟರರ ಕೈಯಲ್ಲೇ ನಾನೂ ಅಲೈನರ್ ಹಾಕಿಕೊಂಡೆ. ಒಟ್ಟು ಇಪ್ಪತ್ತು ಟ್ರೇ. ನನ್ನ ಹಲ್ಲಿನ ಯೋಜನೆಯನ್ನು ನಾನೇ ಸ್ಕ್ರೀನಿನಲ್ಲಿ ತಯಾರಿಸಿದ್ದೆ. ಊಟಕ್ಕೆ ಮಾತ್ರ ತೆಗೆದು ಸ್ಟೀಲ್ ಡಬ್ಬಿಯಲ್ಲಿಡಬೇಕು. ಉಸ್ತಾದರು ಅದನ್ನು ನೋಡಿ, "ಚಪ್ಪಲಿ ಬಿಟ್ಟು ಮನಿಯೊಳಗ ಬರೋರಂಗ ಹಲ್ಲು ಬಿಟ್ಟು ಊಟಕ್ಕ ಬರ್ತಿ ನೋಡು" ಎಂದು ನಗುತ್ತಿದ್ದರು.

ಹದಿನಾಲ್ಕನೇ ಟ್ರೇ ಹಾಕಿದ್ದಾಗ ಒಂದು ಕೆಲಸ ನನ್ನ ಪಾಲಿಗೆ ಬಂತು. ಕ್ಲಿನಿಕ್ಕುಗಳಿಗೆ ಹೊಸ ಸ್ಕ್ಯಾನರ್ ಬರತೊಡಗಿತ್ತು. ಬಾಯೊಳಗೆ ಕಡ್ಡಿ ಆಡಿಸಿದರೆ ಹಲ್ಲಿನ ಚಿತ್ರ ನೇರ ನಮ್ಮ ಕಂಪ್ಯೂಟರಿಗೆ. ಪ್ಲಾಸ್ಟರ್ ಕೋಣೆ ಇನ್ನು ಬೇಕೋ ಬೇಡವೋ, ಅರ್ಧ ಪುಟ ಬರೆದುಕೊಡು ಎಂದರು ಮ್ಯಾನೇಜರ್. ದೊಡ್ಡವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಬರೆದೆ, ಬೇಡ ಎಂದು. ಬರೆದದ್ದು ಸುಳ್ಳಲ್ಲ. ಆದರೆ ಮರುದಿನ ಬುತ್ತಿ ಬಿಚ್ಚುವಾಗ ಉಸ್ತಾದರ ಮುಖ ನೋಡಲಾಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವರಿಗೆ ಕೆಲಸ ಮುಗಿಯುವ ದಿನ ಗೊತ್ತುಮಾಡಿದರು.

ಅವರ ಕೊನೆಯ ವಾರ ನನ್ನ ಕೊನೆಯ ಟ್ರೇಯ ವಾರವೂ ಆಗಿತ್ತು. ಮುಂದಿನ ಹಲ್ಲು ಮುತ್ತು ಪೋಣಿಸಿದಂತೆ ಕೂತಿದ್ದವು. ನಾನು ರೊಟ್ಟಿ ತಿನ್ನುತ್ತಿದ್ದೆ. ಉಸ್ತಾದರು ತಮ್ಮ ತುತ್ತು ನಿಲ್ಲಿಸಿದರು.

"ಮೊಲದಂಗ ಮುಂದಿನ ಹಲ್ಲಿಲೆ ಯಾಕ ತಿನ್ನಾಕತ್ತಿ?"

"ಸುಮ್ಮನರೀ. ರೂಢಿ ಆಗೇತಿ."

"ಬಾಯಿ ಮುಚ್ಚಿ ಕಚ್ಚು." ಬಿಳಿಯ ಕಿವಿಯನ್ನು ನನ್ನ ಕೆನ್ನೆಯ ಹತ್ತಿರ ತಂದರು. "ಇನ್ನೊಮ್ಮಿ." ಆಮೇಲೆ ತಲೆಯಾಡಿಸಿದರು. "ಹಿಂದಿನ ಹಲ್ಲು ಕೂಡಾಕತ್ತಿಲ್ಲ."

"ಸ್ಕ್ರೀನಿನ್ಯಾಗ ಎಲ್ಲಾ ಸರಿ ಕೂತಾವರೀ ಉಸ್ತಾದ್."

"ಸ್ಕ್ರೀನ್ ರೊಟ್ಟಿ ತಿನ್ನಂಗಿಲ್ಲ ತಂಗಿ."

ನನ್ನ ಹಲ್ಲಿನ ಅಚ್ಚು ತೆಗೆದು, ಪ್ಲಾಸ್ಟರ್ ಸುರಿದು, ಒಣಗಿಸಿ, ಡಾಕ್ಟರರ ಮುಂದೆಯೇ ಬಡಿದು ತೋರಿಸಿದರು. ಟಕ್, ಟಕ್. ತಿಂಗಳುಗಟ್ಟಲೆ ಪ್ಲಾಸ್ಟಿಕ್ ಕಚ್ಚಿಕೊಂಡೇ ಇದ್ದದ್ದರಿಂದ ನನ್ನ ದವಡೆ ಹಲ್ಲುಗಳು ಒಳಕ್ಕೆ ಒತ್ತಿಹೋಗಿದ್ದವು. ಡಾಕ್ಟರ್ ಒಪ್ಪಿದರು. ಕೊನೆಯ ಟ್ರೇಯ ಹಿಂಭಾಗ ಕತ್ತರಿಸಿದರೆ ಆ ಹಲ್ಲುಗಳು ಬಿಡುಗಡೆಯಾಗಿ ಒಂದನ್ನೊಂದು ಮುಟ್ಟುವಷ್ಟು ಬೆಳೆದು ಬರುತ್ತವೆ, ಎಲ್ಲಿಗೆ ಕತ್ತರಿಸಬೇಕೆಂದು ನೀವೇ ನೋಡಿ ಎಂದು ಉಸ್ತಾದರಿಗೆ ಹೇಳಿದರು.

ತಮ್ಮ ಕೊನೆಯ ಶನಿವಾರ ಉಸ್ತಾದರು ಮಾಡಿದ ಕೊನೆಯ ಕೆಲಸ ಅದು. ಸಣ್ಣ ಕತ್ತರಿಯಿಂದ ಎರಡೂ ಕಡೆ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ, ತಮ್ಮ ತುಟಿಯ ಮೇಲೆ ಒಮ್ಮೆ ಎಳೆದು ನೋಡಿ, ತೊಳೆದು ಕೊಟ್ಟರು. ನಾನು ಶುರುಮಾಡಿದೆ: "ಉಸ್ತಾದ್, ಆ ಕಾಗದ ಬರದದ್ದು..."

"ಮಾತು ಸಾಕು. ಹಾಕ್ಕೊಂಡು ಕಚ್ಚು."

ಅವರಿಗೆ ಗೊತ್ತಿತ್ತೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ಹೊರಡುವಾಗ ಹೇಳಿದರು: "ನಾಕು ತಿಂಗಳು ಬಿಟ್ಟು ಮನಿಗೆ ಬಾ. ಕೂತಾವೋ ಇಲ್ಲೋ ಕೇಳತೀನಿ. ಮೆಹದಿಪಟ್ಟಣಂನ್ಯಾಗ ಬಸ್ ಇಳದು ಹಲ್ಲಿನ ಉಸ್ತಾದ್ ಅಂದ್ರ ಯಾರರ ತೋರಸ್ತಾರ."

ನಾಲ್ಕು ತಿಂಗಳಿಗೆ ಸರಿಯಾಗಿ ಒಂದು ಮಧ್ಯಾಹ್ನ ರೊಟ್ಟಿ ಕಡಿದಾಗ ಆ ಸದ್ದು ನನ್ನ ತಲೆಯೊಳಗೇ ಕೇಳಿತು. ಒಂದೇ. ಹೋಗಬೇಕು ಎಂದುಕೊಂಡೆ. ಪ್ರತಿ ಸಂಜೆ ಮೆಹದಿಪಟ್ಟಣಂನಲ್ಲೇ ಬಸ್ ಬದಲಿಸುತ್ತಿದ್ದೆ. ಹೋದರೆ ಕಾಗದದ ಮಾತು ಹೇಳಬೇಕಾಗುತ್ತದೆ ಎಂದು ಇನ್ನೊಂದು ಬಸ್ ಹತ್ತುತ್ತಿದ್ದೆ. ಹೀಗೇ ಮೂರು ವರ್ಷ.

ಕೊನೆಗೆ ಡಾಕ್ಟರರಿಂದ ಉಸ್ತಾದರು ತೀರಿಕೊಂಡ ಸುದ್ದಿ ತಿಳಿದು ಹೋದೆ. ಯಾರೋ ಮನೆ ತೋರಿಸಿದರು. ಒಳಗೆ ಚಾಪೆಯ ಮೇಲೆ ಹೆಂಗಸರ ನಡುವೆ ಅವರ ಹೆಂಡತಿ ಕೂತಿದ್ದರು. ನನ್ನ ಊರು ಹೇಳಿದ್ದೇ ತಲೆಯೆತ್ತಿದರು.

"ಇಂಜಿನಿಯರಮ್ಮ ನೀನ ಏನವಾ? ಹಲ್ಲು ಕೂತವೇನು?"

ಬಾಗಿಲಲ್ಲಿ ಚಪ್ಪಲಿ ಬಿಟ್ಟೆ.

"ಭಾಳ ಸಲ ಅಂತಿದ್ದರು, ಆ ಹುಡುಗಿ ಬರಲಿಲ್ಲ, ಕೂತಿಲ್ಲ ಕಾಣತೈತಿ ಅಂತ. ಕತ್ತರಿ ಎಲ್ಲಿ ತಪ್ಪಿತೋ ಅಂತ ತಮ್ಮ ಕೈ ನೋಡ್ಕೋತಿದ್ದರು."

ಚಾಪೆಯ ಮೇಲೆ ಅವರ ಪಕ್ಕ ಕೂತೆ. ಬಾಯಿಗೆ ಅಡ್ಡ ಬಂದ ಕೈಯನ್ನು ಕೆಳಗಿಳಿಸಿದೆ. ಅವರ ಕಿವಿಯ ಹತ್ತಿರ ಕೆನ್ನೆ ತಂದು ಕಚ್ಚಿದೆ.

"ಇನ್ನೊಮ್ಮಿ," ಎಂದರು, ಥೇಟ್ ಉಸ್ತಾದರ ಹಾಗೆ.

ಇನ್ನೊಮ್ಮೆ ಕಚ್ಚಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಒಳಕೋಣೆಯ ಕಡೆ ತಿರುಗಿ, ಅಲ್ಲಿ ಯಾರೋ ಕಾಯುತ್ತಿದ್ದಾರೆಂಬಂತೆ ಹೇಳಿದರು: "ಒಂದೇ ಐತ್ರೀ."