ಅವ್ವನ ಬೆಳಕಿನ ರಿಮೋಟು

ಆಗೆಲ್ಲ ಶಹಾಪುರದಲ್ಲಿ ಬೇಸಿಗೆ ಅಂದರೆ ಹಗಲಿನಲ್ಲೇ ಕತ್ತಲು ಮಾಡಿಕೊಂಡು ಕೂರುವ ಕಾಲ. ಬೆಳಗಿನ ರೊಟ್ಟಿ ಮುಗಿಯುವಷ್ಟರಲ್ಲಿ ಅಂಗಳದ ಫರಸಿಕಲ್ಲು ಕಾಯ್ದು ಬರಿಗಾಲು ಇಡಲಾಗುತ್ತಿರಲಿಲ್ಲ. ಅವ್ವ ಕಿಟಕಿ, ಬಾಗಿಲಿಗೆಲ್ಲ ಗೋಣಿತಟ್ಟು ಕಟ್ಟಿ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಒಳಗೆ ಒದ್ದೆ ಗೋಣಿಯ ವಾಸನೆ, ಮೂಲೆಯ ಚೀಲದಲ್ಲಿದ್ದ ಶೇಂಗಾದ ವಾಸನೆ, ಮುಂದಿನ ಅಂಗಡಿಯಿಂದ ಅಪ್ಪನ ಸೋಲ್ಡರಿಂಗ್ ಕಡ್ಡಿಯ ಹೊಗೆ. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು, ಆ ಹೊಗೆಯೊಂದನ್ನು ಬಿಟ್ಟು.

ಅಂಥ ಒಂದು ಬೇಸಿಗೆಯ ಮೇಲೆ ನನಗೆ ಇನ್ನೂ ಸಿಟ್ಟು ಹೋಗಿಲ್ಲ. ಆ ಬೇಸಿಗೆಯಲ್ಲಿ ಅವ್ವನ ಕಣ್ಣು ಹೋಗುತ್ತಿತ್ತು, ನಾವು ರಿಮೋಟು ರಿಪೇರಿ ಮಾಡುತ್ತಿದ್ದೆವು.

ಅಪ್ಪನದು ಟೀವಿ ರಿಪೇರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಸಂಸಾರ. ಟೀವಿಗಿಂತ ಹೆಚ್ಚಾಗಿ ಬರುತ್ತಿದ್ದುದು ರಿಮೋಟುಗಳೇ. ನಮ್ಮ ಕಡೆ ಟೀವಿ ತಂದ ದಿನವೇ ರಿಮೋಟಿಗೆ ಪ್ಲಾಸ್ಟಿಕ್ ಕವರು ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿಬಿಡುತ್ತಾರೆ. ಆದರೂ ಒಳಗೆ ಧೂಳು, ಎಣ್ಣೆಗೈ, ಚಹಾ ಎಲ್ಲ ಹೋಗಿಯೇ ಹೋಗುತ್ತದೆ. ಅವನ್ನು ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಶ್ಶಿಗೆ ಸ್ಪಿರಿಟ್ ಹಚ್ಚಿ ತಿಕ್ಕುವ ಕೆಲಸ ನನ್ನದು. ಗುಂಡಿಯ ಅಡಿ ಕರೆಂಟು ಹರಿಸುವ ಕರಿ ಲೇಪ ಸವೆದಿದ್ದರೆ ಸಿಗರೇಟು ಪಾಕೀಟಿನ ಬೆಳ್ಳಿ ಹಾಳೆಯನ್ನು ಸಣ್ಣಗೆ ಕತ್ತರಿಸಿ ಅಂಟಿಸುತ್ತಿದ್ದೆ. ಸಾಲಿ ರಜೆಯಲ್ಲಿ ನನ್ನಷ್ಟು ಶಾಣ್ಯಾ ಹುಡುಗಿ ಓಣಿಯಲ್ಲೇ ಇಲ್ಲ ಅಂತ ನನಗೆ ಭಾಳ ಸೊಕ್ಕಿತ್ತು.

ಅಪ್ಪನ ಪದ್ಧತಿ ಒಂದೇ. ಗಿರಾಕಿ ಏನು ಕೆಟ್ಟಿದೆ ಅನ್ನುತ್ತಾನೋ ಅದನ್ನು ಮಾತಿಲ್ಲದೆ ಬಿಚ್ಚುವುದು. "ಕೆಟ್ಟದ ಅಂದಮ್ಯಾಲ ಇದರಾಗೇ ಎಲ್ಲೋ ಕೆಟ್ಟಿರತದ, ಹುಡಕಬೇಕಷ್ಟ" ಅನ್ನುತ್ತಿದ್ದ. ಅವನು ಗಿರಾಕಿಯನ್ನು ಮತ್ತೊಂದು ಪ್ರಶ್ನೆ ಕೇಳಿದ್ದು ನಾನು ನೋಡಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಆ ಕತ್ತಲ ಕೋಣೆಯಲ್ಲಿ ಅವ್ವನ ಧಾರಾವಾಹಿ. ನಡುವೆ ಜಾಹೀರಾತು ಬಂದಾಗ ನಾನೂ ಅವಳೂ ಹುಣಸೆಬೀಜ ಹಾಕಿ ಚೌಕಾಬಾರ ಆಡುತ್ತಿದ್ದೆವು. ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಗುಳಿಗೆ ನೆನಪಾದರೆ ನುಂಗುವಳು, ಇಲ್ಲದಿದ್ದರೆ ಇಲ್ಲ. ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವ್ವ ಚಾನಲ್ ಬದಲಿಸಲು ಹೋಗಿ ಟೀವಿಯನ್ನೇ ಆರಿಸಿಬಿಟ್ಟಳು. ಮತ್ತೆ ಹಚ್ಚಿದಳು, ಮತ್ತೆ ಆರಿಸಿದಳು. ಆಮೇಲೆ ಅಂಗಡಿಯ ಕಡೆ ಮುಖ ಮಾಡಿ ಕೂಗಿದಳು.

"ಏನ್ರೀ, ಈ ಕತ್ತಲಾಗ ಒಂದು ಗುಂಡೀನೂ ಕಾಣವಲ್ದು. ಊರ ಮಂದಿ ರಿಮೋಟೆಲ್ಲಾ ನೆಟ್ಟಗ ಮಾಡ್ತೀರಿ, ಮನ್ಯಾಗಿನ ಹೆಣ್ತಿಗೆ ಒಂದು ಚಲೋ ರಿಮೋಟಿಲ್ಲ!"

ಅಪ್ಪ ನಗುತ್ತಾ ಒಳಗೆ ಬಂದ. "ಗುಂಡ್ಯಾಗ ದೀಪ ಹತ್ತೋ ರಿಮೋಟ್ ಬರ್ತಾವ, ಅಂಥಾದು ಹುಡುಕಿ ತರ್ತೀನಿ ತಡಿ" ಅಂದ. ಕೋಣೆ ನಿಜವಾಗಿಯೂ ಕತ್ತಲಿತ್ತು. ನನಗೂ ಗುಂಡಿ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಅದರಲ್ಲಿ ವಿಚಾರ ಮಾಡುವಂಥದ್ದು ಏನೂ ಇರಲಿಲ್ಲ.

ಮೊದಲು ಸುರಪುರದ ಅಂಗಡಿಗಳಲ್ಲಿ ಕೇಳಿದೆವು. ಅಂಥ ರಿಮೋಟು ಯಾರೂ ಕಂಡಿರಲಿಲ್ಲ. ಆಮೇಲೆ ಬಸ್ಸು ಹತ್ತಿ ಯಾದಗಿರಿಗೆ ಹೋದೆವು. ಅಲ್ಲಿ ಮಹಬೂಬ್ ಚಾಚಾ ಎಂಬವರ ಗುಜರಿ ಅಂಗಡಿ ಇತ್ತು. ಹೈದರಾಬಾದಿನಿಂದ ಬಂದ ಹಳೇ ರಿಮೋಟುಗಳನ್ನು ಅವರು ಚೀಲದಲ್ಲಿ ತುಂಬಿಡುತ್ತಿದ್ದರು. ಅಪ್ಪ ಒಂದು ಚೀಲ ನೆಲಕ್ಕೆ ಸುರಿದ. ನಾನು ಮಂಡಿಯೂರಿ ಕೂತು ಒಂದೊಂದನ್ನೇ ತಿರುವಿ ನೋಡತೊಡಗಿದೆ.

"ಏನು ಹುಡುಕಾಕತ್ತೀ ಬೇಟಿ?"

"ದೀಪದ್ದು ಚಾಚಾ. ನಮ್ಮವ್ವಗ ಕತ್ತಲಾಗ ಕಾಣಂಗಿಲ್ಲ."

"ಅಯ್ಯೋ, ಕತ್ತಲಾಗ ಯಾರಿಗೆ ಕಾಣತದ ತಾಯಿ!" ಅಂತ ಅವರು ನಕ್ಕರು. ನಾವೂ ನಕ್ಕೆವು.

ಕೊನೆಗೆ ಸಿಕ್ಕಿತು. ಉದ್ದನೆಯ ಕರಿ ರಿಮೋಟು, ಬದಿಯಲ್ಲಿ ಪುಟ್ಟ ಬಲ್ಬಿನ ಚಿತ್ರವಿದ್ದ ಗುಂಡಿ. ನಮ್ಮ ಟೀವಿಯ ಕಂಪನಿಯದೇ, ಯಾವುದೋ ಶ್ರೀಮಂತರ ಮನೆಯ ದೊಡ್ಡ ಟೀವಿಯದು. ಒಳಗೆ ಸೆಲ್ಲು ಒಸರಿ ಹಸಿರು ಕಟ್ಟಿತ್ತು. ಮನೆಗೆ ತಂದು ಅಪ್ಪ ಬಿಚ್ಚಿದ, ನಾನು ತಿಕ್ಕಿದೆ. ತುಕ್ಕು ಹಿಡಿದ ಸ್ಪ್ರಿಂಗ್ ತೆಗೆದು ಬೇರೆ ರಿಮೋಟಿನದನ್ನು ಕೂಡಿಸಿದ. ಹೊಸ ಸೆಲ್ಲು ಹಾಕಿ ಬದಿಯ ಗುಂಡಿ ಒತ್ತಿದರೆ ಒಳಗಿನಿಂದ ನೀಲಿ ಬೆಳಕು ಎದ್ದು ಅಷ್ಟೂ ಗುಂಡಿ ಹೊಳೆದವು. ಆ ಕತ್ತಲ ಕೋಣೆಯಲ್ಲಿ ಅವ್ವನ ಮುಖ ನೀಲಿಯಾಯಿತು.

"ಅಯ್ಯಯ್ಯ, ಒಳಗ ದೀಪಾವಳಿ ಮಾಡ್ಯಾರಲ್ಲ!" ಅಂದಳು. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಅಪ್ಪ ಮೀಸೆ ತಿರುವಿದ. ನಮ್ಮ ಮನೆಯಲ್ಲಿ ಅಷ್ಟು ಸಂತೋಷ ಆಮೇಲೆ ಆಗಲಿಲ್ಲ.

ಆ ಸಂತೋಷ ಹೆಚ್ಚು ದಿನ ಇರಲಿಲ್ಲ. "ಬೆಳಕು ಮಂದ ಆಗ್ಯದರಿ" ಅಂತ ಅವ್ವ ಶುರು ಮಾಡಿದಳು. ಅಪ್ಪ ನೀಲಿ ಎಲ್‌ಇಡಿ ತೆಗೆದು ಬಿಳಿಯದು ಹಾಕಿದ. ಅದೂ ಸಾಲದು ಅಂದಾಗ ಪಕ್ಕಕ್ಕೆ ಮತ್ತೊಂದು ಬೆಸೆದ. ದೀಪಕ್ಕೆ ಸೆಲ್ಲು ಸಾಲದೆ ಹಳೇ ಮೊಬೈಲಿನ ಬ್ಯಾಟರಿಯನ್ನು ಹಿಂದೆ ಇಟ್ಟು ಟೇಪು ಸುತ್ತಿದ. ರಿಮೋಟಿಗೆ ಹೊಟ್ಟೆ ಬಂತು. "ಇದು ಎಂದ ಹಡೀತದ?" ಅಂತ ನಾನು ಕೇಳಿದರೆ ಅವ್ವ ಬಿದ್ದು ಬಿದ್ದು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, "ಆದ್ರ ಗುಂಡಿ ಮ್ಯಾಲಿಂದು ಇನ್ನಾ ಮಬ್ಬೇ ಅದ" ಅಂದಳು.

ಗುಂಡಿಯ ರಬ್ಬರು ಮಬ್ಬಾಗಿರಬೇಕು ಅಂತ ಅಪ್ಪ ಅದನ್ನು ಹೊರತೆಗೆದು ಹಲ್ಲುಪುಡಿ ಹಾಕಿ ತಿಕ್ಕಿದ. ಅವ್ವನಿಗೆ ಬೇಕಾದ ಗುಂಡಿಗಳನ್ನಷ್ಟೇ ಬಿಟ್ಟು ಉಳಿದವಕ್ಕೆ ಕರಿ ಟೇಪು ಹಚ್ಚಿದ. ಚಾನಲ್ ಗುಂಡಿಯ ಮೇಲೆ ಅಂಟಿನ ಹನಿ ಬಿಟ್ಟು ಬೊಟ್ಟಿಗೆ ಸಿಗುವ ಹಾಗೆ ಉಬ್ಬು ಮಾಡಿದ. ಪಾಪ, ಎಷ್ಟು ಪ್ರೀತಿಯಿಂದ ಮಾಡಿದ! ಪ್ರತಿ ಸಲವೂ ರಿಮೋಟಿನಲ್ಲಿ ಏನೋ ಒಂದು ಕೊರತೆ ಸಿಕ್ಕೇ ಸಿಗುತ್ತಿತ್ತು. ಹಾಳಾದ್ದು, ಅದು ಹೊಚ್ಚಹೊಸದಾಗಿದ್ದರಾದರೂ ಅಪ್ಪ ತಲೆಯೆತ್ತಿ ಅವ್ವನ ಮುಖ ನೋಡುತ್ತಿದ್ದನೇನೋ.

ನಡುವೆ ಬೇರೆ ಸಂಗತಿಗಳೂ ಆದವು. ಚೌಕಾಬಾರದಲ್ಲಿ ಮೂರು ಬಿದ್ದರೆ ಅವ್ವ ನಾಲ್ಕು ಅನ್ನುತ್ತಿದ್ದಳು, ನಾನು ಸುಳ್ಳು ಎಣಿಸಿ ತೊಂಡಿ ಮಾಡ್ತೀ ಅಂತ ಜಗಳ ತೆಗೆಯುತ್ತಿದ್ದೆ. ಪುಂಡಿಪಲ್ಯದಲ್ಲಿ ಕಡ್ಡಿ ಉಳಿಯತೊಡಗಿದವು. ರೊಟ್ಟಿ ಒಂದು ಬದಿ ಕರಿಯಾಗುತ್ತಿತ್ತು. ಕೇಳಿದರೆ ಒಂದೇ ಉತ್ತರ: "ಈ ತಟ್ಟಿನ ಕತ್ತಲಾಗ ಏನ್ ಕಾಣತದ? ಮಳಿ ಬರ್ಲಿ, ತಟ್ಟು ತಗದ್ರ ಎಲ್ಲಾ ನೆಟ್ಟಗಾಗತದ."

ಮಳೆ ಬಂತು. ಮರುದಿನ ಹೊತ್ತೇರುವ ಮುಂಚೆ ನಾನೇ ಸ್ಟೂಲು ಹಾಕಿಕೊಂಡು ತಟ್ಟುಗಳನ್ನೆಲ್ಲ ಬಿಚ್ಚಿ ಅಂಗಳದಲ್ಲಿ ಒಣಹಾಕಿದೆ. ಕೋಣೆಯ ತುಂಬ ಬೆಳಕು. ಜೇಡರ ಬಲೆ, ಗೋಡೆಯ ಕಲೆ, ಎಲ್ಲ ಕಾಣತೊಡಗಿದವು. ಮಧ್ಯಾಹ್ನ ಅವ್ವ ಎಂದಿನಂತೆ ಕೂತಳು. ತೊಡೆಯ ಮೇಲೆ ಬಿಸಿಲು ಬಿದ್ದಿತ್ತು. ಆ ಬಿಸಿಲಿನಲ್ಲೇ ರಿಮೋಟು ಹಿಡಿದು ಬದಿಯ ಗುಂಡಿ ಒತ್ತಿ ದೀಪ ಹಚ್ಚಿದಳು. ಮುಖದ ಹತ್ತಿರ ತಂದು ನೋಡಿದಳು.

"ಸಂಗೀ, ತಟ್ಟು ಬಿಚ್ಚು ಅಂತ ಮುಂಜಾನಿ ಹೇಳಿದ್ನಲ್ಲ?"

"ಬಿಚ್ಚೇನಲ್ಲವ್ವಾ."

ಅವ್ವ ಕಿಟಕಿಯ ಕಡೆ ತಿರುಗಿ, ಮತ್ತೆ ಬಾಗಿಲ ಕಡೆ ತಿರುಗಿದಳು. "ಹಂಗಾರ ಮುಗಿಲಾಗ ಮೋಡ ಹಾಕ್ಯದೇನು?" ಅಂದಳು. ನಾನು ಅಪ್ಪನನ್ನು ಕೂಗಿದೆ.

ಅಪ್ಪ ಬಂದವನು ರೂಢಿಯಂತೆ ಮೊದಲು ಅವಳ ಕೈಯಿಂದ ರಿಮೋಟು ತಗೊಂಡ. ದೀಪ ಆರಿಸಿದ, ಹಚ್ಚಿದ. ಸರಿಯಾಗಿಯೇ ಇತ್ತು. ಆಮೇಲೆ ಬಿಸಿಲು ನೋಡಿದ, ಅವ್ವನನ್ನು ನೋಡಿದ. ತನ್ನ ಖಾಲಿ ಕೈಯನ್ನು ಅವಳ ಮುಖದ ಮುಂದೆ ಹಿಡಿದು ಮೆಲ್ಲಗೆ ಕೇಳಿದ.

"ಇದೇನದ, ಕಾಣತದೇನು?"

"ರಿಮೋಟಲ್ಲೇನ್ರೀ?" ಅಂದಳು ಅವ್ವ.

ಕಲಬುರಗಿಯ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರಮ್ಮ ಸಿಟ್ಟು ಮಾಡಲಿಲ್ಲ. ಸಕ್ಕರೆ ಕಣ್ಣಿಗೆ ಇಳಿದಿದೆ, ಒಳಗೆ ರಕ್ತ ಒಸರಿದೆ ಅಂದರು. "ಕಾಣವಲ್ದು ಅಂದಾಗೇ ಕರ್ಕೊಂಡು ಬಂದಿದ್ರ ಉಳಿಸಬಹುದಿತ್ತು. ಇಷ್ಟು ದಿನ ಏನ್ ಮಾಡಿದ್ರಿ?" ಅಂತ ಕೇಳಿದರು. ಲೇಸರು, ಸೂಜಿ, ಹನಿ, ಎಲ್ಲ ಆಯಿತು. ಮುಂದಿನ ಬೇಸಿಗೆಗೆ ಅವ್ವನಿಗೆ ತಟ್ಟು ಕಟ್ಟಿದರೂ ಒಂದೇ, ಬಿಟ್ಟರೂ ಒಂದೇ ಆಗಿತ್ತು.

ಅಂದಿನಿಂದ ಅಪ್ಪನ ಪದ್ಧತಿ ಬದಲಾಯಿತು. ಗುಂಡಿ ಕಾಣುತ್ತಿಲ್ಲ ಅಂತ ಯಾರೇ ರಿಮೋಟು ತಂದರೂ ಅದನ್ನು ಮುಟ್ಟುತ್ತಿರಲಿಲ್ಲ. "ಮೊದಲ ಎದುರಿನ ಅಂಗಡಿ ಬೋರ್ಡ್ ಓದ್ರಿ" ಅನ್ನುತ್ತಿದ್ದ. "ಇದೇನ್ ಮಾಸ್ತರ್ಕಿ ಹಚ್ಚೀರಿ?" ಅಂತ ಗಿರಾಕಿಗಳು ನಗುತ್ತಿದ್ದರು. ಓದಲು ತಡವರಿಸಿದವರಿಗೆ ರಿಮೋಟು ವಾಪಸು ಕೊಟ್ಟು, "ಇದು ಕೆಟ್ಟಿಲ್ಲ, ಕಣ್ಣ ತೋರಸ್ರಿ" ಅಂತ ಕಳಿಸುತ್ತಿದ್ದ. ಕೆಲವರು ಬೈದು ಹೋದರು. ಒಬ್ಬ ಮುದುಕಿ ಮಾತ್ರ ಆಪರೇಷನ್ ಮಾಡಿಸಿಕೊಂಡು ಬಂದು ಅವನ ಕೈಗೆ ಬಾಳೆಹಣ್ಣಿಟ್ಟು ಹೋದಳು. ಆ ಹಣ್ಣನ್ನು ಅಪ್ಪ ತಿನ್ನಲಿಲ್ಲ.

ಅಪ್ಪ ತೀರಿಕೊಂಡಿದ್ದಾನೆ. ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ಕವರು ಮಾರುತ್ತಾರೆ. ಅವ್ವ ನನ್ನ ಜೊತೆ ಸುರಪುರದಲ್ಲಿದ್ದಾಳೆ. ಮನೆಯಲ್ಲಿ ಕೂಲರಿದೆ, ಹಗಲಲ್ಲಿ ಕತ್ತಲು ಮಾಡುವುದು ತಪ್ಪಿದೆ. ಬಾಯಲ್ಲಿ ಹೇಳಿದರೆ ಚಾನಲ್ ಬದಲಿಸುವ ಟೀವಿ ತಂದಿದ್ದೇವೆ. ಅವ್ವ ಅದರ ಜೊತೆ ಮಾತಾಡುವುದಿಲ್ಲ. ಧಾರಾವಾಹಿಯ ಹೊತ್ತಿಗೆ ಆ ಹೊಟ್ಟೆಬಂದ ರಿಮೋಟನ್ನೇ ಹಿಡಿದು ಕೂರುತ್ತಾಳೆ. ಅದರ ಗುಂಡಿ ಒತ್ತಿದರೆ ಈ ಟೀವಿ ಕೇಳುವುದಿಲ್ಲ ಅಂತ ಅವಳಿಗೂ ಗೊತ್ತು.

ಮೊನ್ನೆ ಅದರ ಹಿಂಬದಿಯ ಟೇಪು ಕಿತ್ತು ಅಂಟಂಟಾಗಿತ್ತು. ರಿಮೋಟನ್ನೇ ಎಸೆದುಬಿಡೋಣ ಅಂತ ಕೈ ಹಾಕಿದೆ. ಅವ್ವ ಬಿಡಲಿಲ್ಲ. ಉಬ್ಬಿದ ಗುಂಡಿಯ ಮೇಲೆ ಬೊಟ್ಟು ಆಡಿಸುತ್ತಾ ಅಂದಳು:

"ಬೆಳಕು ಕಡಿಮಿ ಅದ ಅಂದೆ ಸಂಗೀ, ನಿಮ್ಮಪ್ಪ ಬೆಳಕು ತಂದು ಕೊಟ್ರು. ಇನ್ನಾ ಬೇಕು ಅಂದೆ, ಇನ್ನಷ್ಟು ಹಾಕಿದ್ರು. ಕಣ್ಣು ಕಡಿಮಿ ಆಗ್ಯಾವ ಅಂತ ನಾ ಒಂದು ಮಾತು ಅಂದಿದ್ರ, ಅದನ್ನೂ ಮಾಡತಿದ್ರು ನೋಡು. ನನಗೇ ತಿಳೀಲಿಲ್ಲ."

ಅವಳು ಬೇಕು ಅಂದದ್ದನ್ನು ಎರಡನೇ ಮಾತಿಲ್ಲದೆ ಮಾಡಿಕೊಡುತ್ತಿದ್ದವನು ಈಗಿಲ್ಲ. ನಾನು ಹೊಸ ಟೇಪು ತಂದು ರಿಮೋಟಿಗೆ ಸುತ್ತಿ ಅವಳ ಕೈಗೆ ಕೊಟ್ಟು, ಟೀವಿ ಹಚ್ಚಿದೆ.