ಪಡಸಾಲೆಗೆ ಬಂದು ಹೋದ ಕರಿ ಮಷೀನು

ನಮ್ಮ ಓಣಿಯ ಮಷೀನ್ ಚಾಚಾರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಹರೆಯದಲ್ಲಿ ಹೊಲಿಗೆ ಸೂಜಿ ಹಾಯ್ದುಹೋದ ಗುರುತು ಅದು. ಆ ಸೀಳಿನಲ್ಲಿ ಮಷೀನಿನ ಎಣ್ಣೆ ಕಪ್ಪಗೆ ಕೂತಿರುತ್ತಿತ್ತು. ಈದ್ ದಿನ ಅತ್ತರು ಹಚ್ಚಿಕೊಂಡು ಬಂದರೂ ಆ ಬೆರಳಿಗೆ ಎಣ್ಣೆಯದೇ ವಾಸನೆ. ಬಸವಕಲ್ಯಾಣದ ಗುಜರಿಗಳಲ್ಲಿ ಬಿದ್ದ ಹಳೆಯ ಹೊಲಿಗೆ ಮಷೀನುಗಳನ್ನು ತಂದು, ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ತುಕ್ಕು ತಿಕ್ಕಿ, ಮತ್ತೆ ಹೊಲಿಯುವಂತೆ ಮಾಡುವುದು ಅವರ ಕಸುಬು.

ಮಾರುವುದೆಂದರೆ ಮಾತ್ರ ಅವರಿಗೆ ಹೆಣ್ಣು ಕೊಟ್ಟಂತೆ. ಕೇಳಿದವರ ಮನೆಗೇ ಹೋಗಿ, ಚಹಾ ಕುಡಿದು, ಮಷೀನು ಇಡುವ ಜಾಗಕ್ಕೆ ಬೆಳಕು ಎಲ್ಲಿಂದ ಬೀಳುತ್ತದೆಂದು ನೋಡಿ, ಕಡೆಗೆ "ಮನ್ಯಾಗ ಕೌದಿ ಅದ ಏನ್ರಿ?" ಎನ್ನುತ್ತಿದ್ದರು. ಹಳೆ ಸೀರೆಯ ತುಂಡು ಜೋಡಿಸಿ ಹೊಲಿದ ಕೌದಿ ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ತಂದುಕೊಟ್ಟರೆ ತಿರುವಿ ಹಾಕಿ ಹಿಂಬದಿಯ ಹೊಲಿಗೆ ನೋಡುತ್ತಿದ್ದರು. ಮನಸ್ಸಿಗೆ ಬಂದರೆ ಮಷೀನು ಕೊಡುವರು. ಇಲ್ಲವಾದರೆ "ನೋಡೂಣ್ರಿ" ಎಂದು ಚಪ್ಪಲಿ ಮೆಟ್ಟುವರು.

ಅವರ ಅಂಗಡಿ ನಮ್ಮ ಮನೆಯ ಎದುರಿಗೇ ಇತ್ತು. ನಾನು ಜಂಪರು ಹೊಲಿಯುವವಳು. ದಾರ ಹರಿಯತೊಡಗಿದರೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಬಂದು ಸರಿಮಾಡುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮೊದಲ ಗಾಲಿ ತಿರುಗಿಸಿ ದನಿ ಕೇಳು ಬೇಟಿ. ಆಮ್ಯಾಲ ಕೈ ಹಾಕು" ಎನ್ನುತ್ತಿದ್ದರು. ಹೀಗಾಗಿ ಚಾಚಾ ಎಂದರೆ ನನ್ನ ಸ್ವತ್ತು ಎಂದೇ ನಾನು ತಿಳಿದಿದ್ದೆ.

ಒಂದು ಮಳೆಗಾಲದಲ್ಲಿ ಕಾಲಿನಿಂದ ತುಳಿಯುವ ಕರಿ ಮಷೀನೊಂದು ಅವರ ಕೈಯಲ್ಲಿ ತಯಾರಾಯಿತು. ಮೈಮೇಲೆ ಬಂಗಾರದ ಬಣ್ಣದ ಬಳ್ಳಿ, ಅಲ್ಲಲ್ಲಿ ಮಾಸಿದ ಹೂವು. ಅಂಗಡಿಯ ತಗಡು ಸೋರುತ್ತದೆಂದು ಅದನ್ನು ನಮ್ಮ ಪಡಸಾಲೆಗೆ ತಂದಿಟ್ಟು, "ಇಲ್ಲೇ ಇರ್ಲಿ" ಎಂದರು. ಎಲ್ಲಿಯವರೆಗೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಮೋಟರ್ ಮಷೀನಿಗೆ ಬಟ್ಟೆ ಮುಚ್ಚಿ ಇದರ ಮೇಲೆಯೇ ಹೊಲಿಯತೊಡಗಿದೆ. ಮಹಾನವಮಿ ಬಂತು. ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಹೋಳಿಗೆ ಎಡೆ ಹಿಡಿದೆ. ಮಹಾನವಮಿಗೆ ಯಾವ ಮನೆಯಲ್ಲಿ ಪೂಜೆಯಾಯಿತೋ ಆ ಹತಾರ ಆ ಮನೆಯದೇ ಎಂಬುದು ನನ್ನ ಲೆಕ್ಕ. ಚಾಚಾ ಬಂದು ಹೋಳಿಗೆ ತಿಂದರು, ಮಷೀನಿನ ಹಣೆಯ ಕುಂಕುಮ ನೋಡಿ ನಕ್ಕರು. ಆ ನಗುವನ್ನು ನಾನು ಒಪ್ಪಿಗೆ ಎಂದುಕೊಂಡೆ.

ದೀಪಾವಳಿಗೆ ಮೊದಲೇ ಬಾಗಿಲಿಗೆ ಟಂಟಂ ಆಟೊ ಬಂದು ನಿಂತಿತು.

"ಹುಮನಾಬಾದಕ್ಕ ಒಯ್ಯಾಕತ್ತೇನಿ ಬೇಟಿ. ಅಲ್ಲೊಬ್ಬಾಕಿ ಇದ್ದಾಳ. ಕೌದಿ ನೋಡಿ ಬಂದೀನಿ."

"ಪೂಜಾ ಮಾಡಿದಾಕಿ ನಾ ಅಲ್ಲೇನ್ರಿ ಚಾಚಾ? ಪೂಜಾ ಆದದ್ದು ಮನಿ ಬಿಟ್ಟು ಹ್ಯಾಂಗ ಹೋಗ್ತದ್ರಿ?"

"ಛಲೋ ಮಾಡಿದಿ. ತವರಮನ್ಯಾಗ ಉಡಿ ತುಂಬಿದಂಗ ಆಯ್ತು. ಈಗ ಗಂಡನ ಮನಿಗಿ ಕಳಸು."

"ನನ್ನ ಕೌದಿ ಒಮ್ಮಿನೂ ಕೇಳ್ಲಿಲ್ಲಲ್ರಿ ನೀವು!"

"ನಿನಗ ಮಷೀನ್ ಅದ ಅಲ್ಲ?"

ಮೈಯೆಲ್ಲ ಉರಿದುಹೋಯಿತು. ಒಂದು ಮಷೀನು ಇದ್ದವಳಿಗೆ ಇನ್ನೊಂದರ ಆಸೆ ಇರಬಾರದೆ? "ನಾನೂ ಬರ್ತೀನ್ರಿ" ಎಂದು ಟಂಟಂ ಹತ್ತಿದೆ. ರಾಜೇಶ್ವರದಲ್ಲಿ ನಿಲ್ಲಿಸಿ ಚಾಚಾ ಚಹಾ ಕುಡಿಸಿದರು. ಮುಖ ತಿರುಗಿಸಿಕೊಂಡೇ ಕುಡಿದೆ.

ಹುಮನಾಬಾದಿನದು ಒಂದೇ ಕೋಣೆಯ ಮನೆ. ತಪ್ಪು ಹುಡುಕಲೆಂದೇ ಸುತ್ತ ಕಣ್ಣಾಡಿಸಿದೆ. ಮನೆಯಾಕೆ ನನಗಿಂತ ಚಿಕ್ಕವಳು, ಊರವರ ಕೌದಿಗಳನ್ನು ಕೈಯಲ್ಲೇ ಹೊಲಿದು ಕೊಟ್ಟು ಮನೆ ನಡೆಸುವವಳು. ಕಿಟಕಿಯ ಕೆಳಗೆ ಮಷೀನಿಗೆ ಜಾಗ ತೊಳೆದಿಟ್ಟಿದ್ದಳು. ಅವಳ ಕೌದಿಯನ್ನು ನಾನೂ ತಿರುವಿ ನೋಡಿದೆ. ಮುಂಬದಿ ಯಾವುದು, ಹಿಂಬದಿ ಯಾವುದು ತಿಳಿಯಲಿಲ್ಲ. ಹೊಗಳುವ ಬದಲು ಮಡಚಿ ಪಕ್ಕಕ್ಕಿಟ್ಟೆ. ಚಾಚಾ ಅವಳ ಪಾದ ಪೆಡಲಿನ ಮೇಲಿಡಿಸಿ, ಸ್ಟೂಲು ಹಿಂದೆ ಮುಂದೆ ಸರಿಸಿ, ಬೆಲ್ಟು ಬಿಗಿಮಾಡಿದರು. ಮೊದಲ ಹೊಲಿಗೆ ನೋಡಿ "ಶಾಬ್ಬಾಸ್ ಬೇಟಿ" ಎಂದರು. ಬೇಟಿ! ಮಷೀನು ಹೋದದ್ದಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಚುಚ್ಚಿತು.

ಆಮೇಲೆ ಅವರು ಹುಮನಾಬಾದಿಗೆ ಹೋಗಿಬಂದಾಗಲೆಲ್ಲ "ಹ್ಯಾಂಗ ಅದಾಳ್ರಿ ನಿಮ್ಮ ಹೊಸಾ ಮಗಳು?" ಎಂದು ಕೊಂಕು ತೆಗೆಯುತ್ತಿದ್ದೆ. ಅವರು ಏನೂ ತಿಳಿಯದವರಂತೆ ಮಷೀನಿನ ಸುದ್ದಿ ಹೇಳುತ್ತಿದ್ದರು. "ಛಲೋ ಓಡಾಕತ್ತದ. ನಿನ್ನನ್ನೂ ಕೇಳ್ತು." ಸಿಟ್ಟಿನಲ್ಲೂ ನಗು ಬಂದುಬಿಡುತ್ತಿತ್ತು.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಅವರ ಮನೆಗೆ ಹೋದರೆ, ಹೆಂಗಸರ ನಡುವೆ ಚಾಚಿಯ ಮಗ್ಗುಲಲ್ಲೇ ಹುಮನಾಬಾದಿನವಳು ಕೂತಿದ್ದಳು. ನನಗಿಂತ ಮೊದಲೇ ಬಂದಿದ್ದಳು, ನನಗಿಂತ ಜೋರಾಗಿ ಅಳುತ್ತಿದ್ದಳು. ಅಷ್ಟು ವರ್ಷ ಅವರ ಎದುರಿಗೇ ಬದುಕಿದ ನನಗೆ ಹೊಸ್ತಿಲ ಬಳಿ ಜಾಗ ಸಿಕ್ಕಿತು. ಸಾವಿನ ಮನೆಯಲ್ಲೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ. ಹೊರಡುವಾಗ ಅವಳೇ ಬಂದು ಕೈ ಹಿಡಿದಳು.

"ಅಕ್ಕಾ, ಮಷೀನ್ ನಿಂತುಬಿಟ್ಟದ್ರಿ. ಮದುವಿ ಕೆಲಸ ಒಪ್ಪಿಕೊಂಡೀನಿ. ಚಾಚಾ ಹೇಳಿದ್ರು, ನಾ ಇಲ್ಲಂದ್ರ ಕಲ್ಯಾಣದ ಅಕ್ಕನ್ನ ಕರಿ, ನನಗ ಗೊತ್ತಿದ್ದದ್ದೆಲ್ಲಾ ಅಕೀಗಿ ಕೊಟ್ಟೀನಿ ಅಂತ."

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಮರುವಾರ ಹುಮನಾಬಾದಿಗೆ ಹೋದೆ. ಗಾಲಿ ತಿರುಗಿಸಿ ದನಿ ಕೇಳಿದೆ, ಆಮೇಲೆ ಕೈ ಹಾಕಿದೆ. ಸೂಜಿಯ ಕೆಳಗಿನ ಶಟಲ್ಲಿನೊಳಗೆ ಕೌದಿ ದಾರದ ಸಿಕ್ಕು ಗಟ್ಟಿಯಾಗಿ ಕೂತಿತ್ತು. ತೆಗೆದು, ಒರೆಸಿ, ಎಣ್ಣೆ ಬಿಟ್ಟು ನಾನೇ ಎರಡು ಸಾಲು ಹೊಲಿದೆ. ಇನ್ನೆರಡು ಸಾಲು ಹೊಲಿಯುವ ಆಸೆಯಾಯಿತು. ಅವಳು ಕಾಯುತ್ತ ನಿಂತಿದ್ದಳು. ಎದ್ದು ಜಾಗ ಬಿಟ್ಟೆ. ಅವಳು ಕೂತು ತುಳಿದಳು. ನನ್ನ ಕಾಲಡಿ ಓಡಿದ್ದಕ್ಕಿಂತ ಚೆನ್ನಾಗಿ ಓಡಿತು. ಹೊಟ್ಟೆ ಉರಿಯಿತು. ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದವಳು ಮತ್ತೆ ತಿರುಗಿ ನಿಂತೆ.

"ಎಣ್ಣಿ ನೀ ಹಾಕಬ್ಯಾಡ," ಅಂದೆ. "ನಾನೇ ಬಂದು ಹಾಕ್ತೀನಿ."